ಎರಡನೇ ಕ್ರಾಸ್ ನಿವಾಸಿಗಳು, ಹುಬ್ಬಳ್ಳಿ: ಗೋಡೆ ಬಿರುಕಿನ ವಿಷಯ

ಪ್ಲಾಟ್ 14 (ಬೆಳಗ್ಗೆ 5:40): ರಾತ್ರಿಯೆಲ್ಲ ನಿದ್ದೆ ಇಲ್ಲ. ಆ ಮಳೆಯಲ್ಲಿ ಮಲಗುವ ಕೋಣೆಯ ಗೋಡೆ ಟಪ್ ಅಂತು. ಲೈಟ್ ಹಾಕಿ ನೋಡಿದರೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳಿದೆ, ಎಂಟಾಣೆ ಬಿಲ್ಲೆ ತೂರುತ್ತದೆ. ಅತ್ತೆ ಬಚ್ಚಲಲ್ಲೇ ಸಿಕ್ಕಿಬಿದ್ದರು, ಬಾಗಿಲು ತೆಗೆಯಲು ಬರಲಿಲ್ಲ. ಯಜಮಾನರು ಒದ್ದು ತೆಗೆದರು. ಆ ಒಡೆದ ಗಟಾರದ ವಿಷಯ ಇನ್ನೆಷ್ಟು ಸಲ ಹೇಳಬೇಕ್ರಿ?

ಪ್ಲಾಟ್ 3: (ಫಾರ್ವರ್ಡ್) ಶುಭೋದಯ. ಬೆಚ್ಚನೆ ನೀರಿಗೆ ಜೀರಿಗೆ ಹಾಕಿ ಕುಡಿದರೆ ಮಂಡಿನೋವು ಮಾಯ. ಹತ್ತು ಜನರಿಗೆ ಕಳಿಸಿ.

ಪ್ಲಾಟ್ 9: ವಾಸ್ತುಶಾಂತಿ ದಿನವೇ ಹೇಳಿದ್ದೆ, ನಿಮ್ಮ ಗೌಂಡಿ ಸಿಮೆಂಟ್ ತಿಂದಿದ್ದಾನೆ ಅಂತ. ಗಟಾರಕ್ಕೂ ಗೋಡೆಗೂ ಏನು ಸಂಬಂಧ?

ಪ್ಲಾಟ್ 22: ಸಂಬಂಧ ಇದೆ ಕಾಕಾ. ಇದು ಧಾರವಾಡದ ಕೆಂಪು ಮಣ್ಣಲ್ಲ, ಹತ್ತಿ ಬೆಳೆಯುತ್ತಿದ್ದ ಎರಿ ಹೊಲ, ಕಪ್ಪು ಜೇಡಿಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಖಾಲಿ ಪ್ಲಾಟ್‌ನ ಬಿರುಕಿಗೆ ಹುಡುಗರ ಚೆಂಡು ಹೋಗಿ ಸಿಗಲೇ ಇಲ್ಲ ಅಲ್ವಾ? ಮನೆಯಡಿ ಎಲ್ಲ ಕಡೆ ಒಂದೇ ಸಮ ಉಬ್ಬಿದರೆ ಇಷ್ಟು ತೊಂದರೆ ಇಲ್ಲ. 14ರಲ್ಲಿ ಗಟಾರದ ಕಡೆ ಮೂಲೆ ಮಾತ್ರ ನೆನೆದು ಎದ್ದಿದೆ. ಅದಕ್ಕೇ ಓರೆ ಸೀಳು.

ಪ್ಲಾಟ್ 9: ಕಬ್ಬಿಣ ಗಟ್ಟಿ ಇದ್ದರೆ ಮಣ್ಣು ಏನೂ ಮಾಡಲ್ಲ. ನಾನು ಎಷ್ಟು ಮನೆ ಕಟ್ಟಿಸಿದ್ದೀನಿ ಗೊತ್ತಾ?

ಪ್ಲಾಟ್ 22: ಪಾಯಾ ಮೇಲೆಮೇಲೆ ಇದ್ದರೆ ಮಣ್ಣಿನ ಜೊತೆ ಅದೂ ಏರಿಳಿಯುತ್ತದೆ. ಎರಿ ನೆಲಕ್ಕಂತಲೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಅಂಡರ್-ರೀಮ್ಡ್ ಪೈಲ್ ರೂಢಿಗೆ ತಂದರು. ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ, ಸುಮಾರು 3.5 ಮೀಟರ್ ಆಳ, ತಳ ಅಗಲ. ಅಷ್ಟು ಕೆಳಗೆ ಮಳೆ, ಬಿಸಿಲು ಅಷ್ಟಾಗಿ ತಟ್ಟಲ್ಲ.

ಪ್ಲಾಟ್ 6: ಮನೆ ಬಿಟ್ಟು ಹತ್ತಿನೇ ಹಾಕಬೇಕಿತ್ತು. ಲಾಭನಾದ್ರೂ ಸಿಗ್ತಿತ್ತು.

ಪ್ಲಾಟ್ 18: ನಮ್ಮ ಕಡೆ ಗಟಾರ ಇಲ್ಲ, ಆದರೂ ಸೀಳಿದೆಯಲ್ಲ?

ಪ್ಲಾಟ್ 22: ಅಕ್ಕಾ, ನಿಮ್ಮ ಕಾಂಪೌಂಡ್ ಪಕ್ಕದ ನೀಲಗಿರಿ ನೋಡಿ. ಬೇಸಿಗೆಯಲ್ಲಿ ಪಾಯಾದ ಕೆಳಗಿನ ತೇವ ಎಳೆದುಬಿಡುತ್ತದೆ. ಆ ಮೂಲೆ ಇಳಿಯುತ್ತದೆ.

ಪ್ಲಾಟ್ 18: ಆ ಗಿಡ ಹಚ್ಚಿಸಿದವರು ಯಾರು ಅಂತ ಎಲ್ಲರಿಗೂ ಗೊತ್ತು. ಸುಮ್ನೆ ಇದ್ದೀವಿ ಅಷ್ಟೇ.

ಪ್ಲಾಟ್ 9: ನನ್ನ ಗಿಡದ ಸುದ್ದಿಗೆ ಬರಬೇಡಿ. ಮೊದಲು 11ನವರು ದಿನಾ ಪೈಪ್ ಹಿಡಿದು ಕಾರು ತೊಳೆಯೋದು ನಿಲ್ಲಿಸಲಿ.

ಪ್ಲಾಟ್ 11: ನಮ್ಮ ಕಾರು, ನಮ್ಮ ಬೋರ್ ನೀರು. ನಿಮ್ಮ ಟ್ಯಾಂಕ್ ತುಂಬಿ ಹರಿಯೋದು ಯಾರೂ ಹೇಳಲ್ಲ.

ಪ್ಲಾಟ್ 14: ಜಗಳ ಆಮೇಲೆ ಮಾಡ್ರಿ! ಗೌಂಡಿ ಸಿಮೆಂಟ್ ತುಂಬಿ ಪುಟ್ಟಿ ಹಚ್ಚಿಕೊಡ್ತೀನಿ ಅಂತಾನೆ. ಮಾಡಿಸಲಾ?

ಪ್ಲಾಟ್ 22: ಈಗಲೇ ಬೇಡ ಅಕ್ಕಾ. ಮಣ್ಣು ಒಣಗಿದಾಗ ಮತ್ತೆ ಬಿಡುತ್ತದೆ. ಬಿರುಕಿಗೆ ಅಡ್ಡಲಾಗಿ ಎರಡೂ ತುದಿ ಕಚ್ಚಿಸಿ ಗಾಜಿನ ಪಟ್ಟಿ ಕೂರಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ. ಮೊದಲ ಕೆಲಸ ಗಟಾರದ ಒಡಕು, ಬಚ್ಚಲ ಪೈಪಿನ ಸೋರಿಕೆ ಮುಚ್ಚೋದು. ಆಮೇಲೆ ಮನೆ ಸುತ್ತ ಎರಿ ತೆಗೆದು ಗರಸು ಹಾಕಿ, ಮೇಲೆ ಹೊರಗಿಳಿಜಾರಿನ ಕಾಂಕ್ರೀಟ್. ಪಾಯಾದ ಕೆಳಗೆ ಅಗೆದು ಹೊಸ ಆಧಾರ ಕೊಡೋದು ಕೊನೆಯ ಮಾತು, ಖರ್ಚು ಜಾಸ್ತಿ. ಎಲ್ಲರೂ ಸೇರಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ ಮಣ್ಣು ಪರೀಕ್ಷೆ ಮಾಡಿಸೋಣ. 10 ಗ್ರಾಂ ಒಣ ಪುಡಿ ನೀರಲ್ಲಿ, 10 ಗ್ರಾಂ ಸೀಮೆಎಣ್ಣೆಯಲ್ಲಿ ಒಂದು ದಿನ ಇಡುತ್ತಾರೆ. ಸೀಮೆಎಣ್ಣೆಯಲ್ಲಿ ಎರಿ ಉಬ್ಬಲ್ಲ. ಎರಡರ ವ್ಯತ್ಯಾಸ ನೋಡಿ ಮಣ್ಣು ಎಷ್ಟು ಉಬ್ಬುತ್ತದೆ ಅಂತ ಲೆಕ್ಕ ಹಾಕುತ್ತಾರೆ.

ಪ್ಲಾಟ್ 6: ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತೆ, ಅದಕ್ಕೊಂದು ಗ್ರೂಪ್ ಮಾಡೋಣ.

ಪ್ಲಾಟ್ 9: ದುಡ್ಡು ಯಾರು ಕೊಡೋದು? ಬಿರುಕು ಬಿಟ್ಟವರು ಕೊಡಲಿ.

ಪ್ಲಾಟ್ 5: ಗಟಾರ ಅಂದಾಗ ನೆನಪಾಯ್ತು, ಸೊಳ್ಳೆ ಕಾಟ ವಿಪರೀತ. ಮಗಳಿಗೆ ಮೊನ್ನೆಯಿಂದ ಜ್ವರ.

ಪ್ಲಾಟ್ 9: ಇದು ನೋಡ್ರಿ ನಿಜವಾದ ಸಮಸ್ಯೆ. ಫಾಗಿಂಗ್ ಗಾಡಿ ನಾನು ತರಿಸ್ತೀನಿ. ಮನೆಗೆ 50 ರೂಪಾಯಿ, ನನ್ನ ನಂಬರಿಗೆ ಹಾಕಿ.

ಪ್ಲಾಟ್ 11: ಹಾಕಿದೆ.

ಪ್ಲಾಟ್ 18: ನಾನೂ ಹಾಕಿದೆ. ನಮ್ಮ ಹಿತ್ತಲಿಗೂ ಹೊಡೆಸಿ.

ಪ್ಲಾಟ್ 22: ಮತ್ತೆ ಎಂಜಿನಿಯರ್?

ಪ್ಲಾಟ್ 9: ಭಾನುವಾರದ ಮೀಟಿಂಗ್‌ನಲ್ಲಿ ನೋಡೋಣ.

ಪ್ಲಾಟ್ 6: ಭಾನುವಾರ ಮ್ಯಾಚ್ ಇದೆ ಕಾಕಾ.