"ಬೆಳಕಿಗೆ ಸ್ಪಂದಿಸದ ತಳಿ" ಅನ್ನೋದಕ್ಕೆ ಬೇರೆ ಪದ ಇದ್ಯಾ?

ಎಲ್ರಿಗೂ ನಮಸ್ಕಾರ. ನಮ್ದು ಹೊಸೂರು ಪಕ್ಕ ಡೆಂಕಣಿಕೋಟೆ ಕಡೆ ಹಳ್ಳಿ, ಮನೆಮಾತು ಕನ್ನಡ, ಊರಿನ ಬೋರ್ಡೆಲ್ಲಾ ತಮಿಳು, ಹಾಗಾಗಿ ಬೇಸಾಯದ ಬಗ್ಗೆ ಕನ್ನಡದಲ್ಲಿ ಏನಾದ್ರೂ ಸಿಕ್ರೆ ಅಮ್ಮಂಗೆ ಓದಿ ಹೇಳೋದು ರೂಢಿ. ಮೊನ್ನೆ ಒಂದು ಕೈಪಿಡೀಲಿ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವು "ಬೆಳಕಿಗೆ ಸ್ಪಂದಿಸದ ತಳಿಗಳು" ಅಂತ ಓದ್ದೆ. ಅಮ್ಮ ತಕ್ಷಣ, "ಹಂಗಂದ್ರೆ ಹುಣಸೆಮರದ ನೆಳ್ಳಲ್ಲೂ ಬತ್ತದೇನೋ?" ಅಂದ್ರು.

ಕೇಳಿದ್ದು ಸರಿಯಾಗೇ ಇದೆ. ಪದ ಹೇಳೋದು ಅದನ್ನೇ ಅಲ್ವಾ, ಆದ್ರೆ ಬಿಸಿಲಿಲ್ದೆ ಯಾವ ಅವರೆ ಬರುತ್ತೆ? ಹೇಳ್ಬೇಕಾಗಿರೋದು ಹೂ ಬಿಡೋ ಕಾಲದ ವಿಷ್ಯ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಾಕೋ ನಾಟಿ ಅವರೆಯನ್ನ ಸ್ವಲ್ಪ ಮುಂಚೆ ಬಿತ್ತಿ, ತಡವಾಗಿ ಬಿತ್ತಿ, ರಾತ್ರಿ ಉದ್ದ ಆಗೋ ತನಕ ಬರೀ ಬಳ್ಳಿ ಹರೀತಾ ಇರುತ್ತೆ, ಆಮೇಲೇನೇ ಮೊಗ್ಗು. ಹೆಬ್ಬಾಳದ್ದು ಹಾಗಲ್ಲ, ಯಾವ ತಿಂಗಳಲ್ಲಿ ಹಾಕಿದ್ರೂ ಹೆಚ್ಚುಕಮ್ಮಿ ಒಂದೂವರೆ ತಿಂಗಳಿಗೆ ಹೂವು. ನಮ್ಮ ಸೀಮೇಲಿ ವರ್ಷದ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ, ಅಷ್ಟನ್ನೂ ನಾಟಿ ಗಿಡ ಅಳೆದು ಇಟ್ಕೊಳ್ಳುತ್ತೆ, ನನಗಂತೂ ಇದು ಎಷ್ಟು ಸಲ ಯೋಚಿಸಿದ್ರೂ ಬೆರಗು.

ನಾಟಿ ಅವರೆಯಂಥ ಗಿಡಕ್ಕೆ ಇಟ್ಟಿರೋ "ಅಲ್ಪ ಹಗಲಿನ ಸಸ್ಯ" ಅನ್ನೋ ಹೆಸರೂ ನನಗೆ ಒಪ್ಪಲ್ಲ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಹೊಗೆಸೊಪ್ಪು, ಸೋಯಾ ನೋಡಿ ಹಗಲಿನ ಲೆಕ್ಕದಲ್ಲಿ ವಿವರಿಸಿದ್ರು, 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಒಂದು ಕಳೆಗಿಡದಲ್ಲಿ ತೋರಿಸಿದ್ದು ಏನಂದ್ರೆ ಎಣಿಕೆ ಇರೋದು ಎಡೆಬಿಡದ ಕತ್ತಲೇದು, ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ರೂ ಲೆಕ್ಕ ಕೆಡುತ್ತೆ. ನಮ್ಮನೆ ಹಿಂದೇನೇ ನೋಡಿದೀನಿ, ಕೊಟ್ಟಿಗೆಗೆ ರಾತ್ರಿಯಿಡೀ ಎಲ್‌ಇಡಿ ಉರಿಯುತ್ತೆ, ಅದರ ಬೆಳಕು ಬೀಳೋ ನಾಲ್ಕು ನಾಟಿ ಅವರೆ ಬಳ್ಳಿ ಹಸಿರಾಗಿ ಸೊಕ್ಕಿವೆ, ಒಂದು ಹೂವಿಲ್ಲ, ಆಚೆ ಸಾಲೆಲ್ಲಾ ಕಾಯಿ.

ಸೋಯಾದಲ್ಲಿ ಹೂವನ್ನ ಹೀಗೆ ತಡೆದು ಇಡೋದ್ರಲ್ಲಿ ಮುಖ್ಯ ಇ1 ಅನ್ನೋ ಜೀನ್. ಹಗಲು ಉದ್ದ ಇದ್ದಾಗ ಇ3, ಇ4 ಜೀನುಗಳು ಮಾಡೋ ಫೈಟೋಕ್ರೋಮ್ ಅನ್ನೋ ಪ್ರೋಟೀನುಗಳು ಬೆಳಕನ್ನ ಹಿಡಿದು ಇ1ನ್ನ ಎಚ್ಚರವಾಗಿ ಇಡ್ತವೆ, ಅದು ಹೂ ಬಿಡಿಸೋ ಎಫ್‌ಟಿ ಅನ್ನೋ ಜೀನನ್ನ ಅದುಮಿ ಹಿಡಿಯುತ್ತೆ, ಎಫ್‌ಟಿ ಪ್ರೋಟೀನ್ ಎಲೆಯಿಂದ ಕುಡಿಗೆ ಹೋಗ್ದೆ ಹೂವಿಲ್ಲ. ಇ1 ಕೆಲಸ ಮಾಡದ ಸೋಯಾ ರಾತ್ರಿ ಉದ್ದ ಆಗ್ಲಿ ಅಂತ ಕಾಯಲ್ಲ. ಅಂದ್ರೆ ಅಲ್ಲಿ ಹೋಗಿರೋದು ತಡೆ, ಬೆಳಕಿನ ನಂಟಲ್ಲ, "ಸ್ಪಂದಿಸದ" ಅನ್ನೋದು ಅದಕ್ಕೇ ದಾರಿ ತಪ್ಪಿಸೋದು.

ಇಷ್ಟನ್ನ ನನಗೆ ತಿಳಿದಂಗೆ ಅಮ್ಮಂಗೆ ಹೇಳ್ದೆ. "ಓ, ನಮ್ದು ಕಾಲಕ್ಕೆ ಬರೋದು, ಅದು ದಿನಕ್ಕೆ ಬರೋದು" ಅಂದ್ರು. ಒಂದು ಕಾಲ ನೋಡುತ್ತೆ, ಇನ್ನೊಂದು ಬಿತ್ತಿದ ದಿನದಿಂದ ಎಣಿಸುತ್ತೆ, ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ.

ಇದನ್ನ ನಾಮಪದ ಮಾಡೋಕೆ ಹೋದ್ರೆ ಸಿಕ್ಕಿಬೀಳ್ತೀನಿ. "ಕಾಲದ ತಳಿ" ಅಂದ್ರೆ ಹಳೇ ಕಾಲದ್ದು ಅನ್ಸುತ್ತೆ, "ದಿನಗಟ್ಟು ತಳಿ" ಅಂದ್ರೆ ದಿನಗಟ್ಟಲೆ ನೆನಪಾಗುತ್ತೆ. "ಇರುಳೆಣಿಸುವ ತಳಿ, ಇರುಳೆಣಿಸದ ತಳಿ" ಅನ್ನಬಹುದಾ, ಅಥವಾ ಇರುಳು ಅನ್ನೋದು ನಮ್ಮ ಕಡೆ ಮಾತಲ್ಲಿ ಕಮ್ಮಿಯಾಗಿರೋದ್ರಿಂದ ಕತ್ತಲೆ ಅಂತಾನೇ ಇಡಬೇಕಾ? ಮಡಕಶಿರಾ, ಕೋಲಾರದ ಕಡೆ ಅವರೆಗೆ, ಕಾಸರಗೋಡಲ್ಲಿ ಭತ್ತಕ್ಕೆ ಈ ಭೇದ ಹೇಳೋಕೆ ಏನಂತಾರೆ, ದಯವಿಟ್ಟು ಮನೇಲಿ ಹಿರಿಯರನ್ನ ಕೇಳಿ ಬರೀರಿ.