‘ತುಂಬಾ’, ‘ಸಾಕಷ್ಟು’, ‘ಯಾವಾಗಲೂ’: ಇಂಗ್ಲಿಷ್ ವಾಕ್ಯದಲ್ಲಿ ಇವುಗಳ ಜಾಗ

ಪ್ರಶ್ನೆ: ಕನ್ನಡ ಮಾಧ್ಯಮದ ಆರನೇ ತರಗತಿಯ ಮಕ್ಕಳ ಬರಹದಲ್ಲಿ ಮೂರು ಬಗೆಯ ವಾಕ್ಯಗಳು ಮತ್ತೆ ಮತ್ತೆ ಕಾಣುತ್ತವೆ: ‘ಆಲ್ವೇಸ್ ಹೀ ಕಮ್ಸ್ ಲೇಟ್’, ‘ಐ ವೆರಿ ಲೈಕ್ ಮ್ಯಾಂಗೋ’, ‘ದಿಸ್ ಬ್ಯಾಗ್ ಈಸ್ ಎನಫ್ ಬಿಗ್’. ತಿದ್ದುವುದು ಸುಲಭ. ಏಕೆ ತಪ್ಪು ಎಂಬುದನ್ನು ಕನ್ನಡದ ಮೂಲಕವೇ ಹೇಗೆ ವಿವರಿಸಬಹುದು? ‘ತುಂಬಾ’ ಎಂಬುದಕ್ಕೆ ವೆರಿ, ಟೂ, ಮಚ್ ಇವುಗಳಲ್ಲಿ ಯಾವುದನ್ನು ಹೇಳಿಕೊಡಬೇಕು?

ಉತ್ತರ: ಮೊದಲು ‘ಆಲ್ವೇಸ್’. ಕನ್ನಡದಲ್ಲಿ ‘ಯಾವಾಗಲೂ ಅವನು ತಡವಾಗಿ ಬರುತ್ತಾನೆ’, ‘ಅವನು ಯಾವಾಗಲೂ ತಡವಾಗಿ ಬರುತ್ತಾನೆ’ ಎರಡೂ ಸರಿ. ಒತ್ತು ಮಾತ್ರ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಆವರ್ತನ ಸೂಚಿಸುವ ಆಲ್ವೇಸ್, ಯೂಶುವಲಿ, ಆಫನ್, ರೇರ್ಲಿ, ನೆವರ್ ಇವುಗಳ ಜಾಗವನ್ನು ಕ್ರಿಯಾಪದ ಗೊತ್ತುಮಾಡುತ್ತದೆ. ಆದ್ದರಿಂದ ಮಕ್ಕಳು ಮೊದಲು ಕ್ರಿಯಾಪದದ ಕೆಳಗೆ ಗೆರೆ ಎಳೆಯಲಿ. ಸಾಮಾನ್ಯ ಕ್ರಿಯಾಪದವಾದರೆ ಅದರ ಮುಂಚೆ: ‘ಹೀ ಆಲ್ವೇಸ್ ಕಮ್ಸ್ ಲೇಟ್’. ಆ್ಯಮ್, ಈಸ್, ಆರ್, ವಾಸ್, ವರ್ ಆದರೆ ಅದರ ನಂತರ: ‘ಹೀ ಈಸ್ ಆಲ್ವೇಸ್ ಲೇಟ್’. ಸಹಾಯಕ ಕ್ರಿಯಾಪದ ಇದ್ದರೆ ಮೊದಲ ಸಹಾಯಕದ ನಂತರ: ‘ಶೀ ಹ್ಯಾಸ್ ನೆವರ್ ಬೀನ್ ಟು ಮೈಸೂರು’.

ಸಮ್‌ಟೈಮ್ಸ್, ಯೂಶುವಲಿ ವಾಕ್ಯದ ಆರಂಭದಲ್ಲೂ ಬರಬಹುದು. ಆಲ್ವೇಸ್, ನೆವರ್ ಸಾಧಾರಣ ವಾಕ್ಯದಲ್ಲಿ ಹಾಗೆ ಬರುವುದಿಲ್ಲ. ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಡಬೇಕು. ಶಾಲೆಯ ಗೋಡೆಯ ಮೇಲೆ ‘ಆಲ್ವೇಸ್ ವಾಶ್ ಯುವರ್ ಹ್ಯಾಂಡ್ಸ್’, ‘ನೆವರ್ ಟೆಲ್ ಎ ಲೈ’ ಎಂದು ಬರೆದಿರುತ್ತದೆ. ಅವು ಆಜ್ಞಾರ್ಥಕ ವಾಕ್ಯಗಳು. ಕರ್ತೃಪದವೇ ಇಲ್ಲದ್ದರಿಂದ ಆಲ್ವೇಸ್ ಮೊದಲ ಪದವಾಗಿದೆ. ಕ್ರಿಯಾಪದದ ಮುಂಚೆ ಎಂಬ ನಿಯಮ ಅಲ್ಲೂ ಮುರಿದಿಲ್ಲ. ‘ಎವ್ರಿ ಡೇ’, ‘ಟ್ವೈಸ್ ಎ ವೀಕ್’ ಇಂಥವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಹೋಗುತ್ತವೆ.

ನೆವರ್ ಬಗ್ಗೆ ಇನ್ನೊಂದು ಮಾತು. ಕನ್ನಡದ ‘ಎಂದೂ’ ತನ್ನಷ್ಟಕ್ಕೆ ನಿಷೇಧವಲ್ಲ, ‘ಎಂದೂ ಸುಳ್ಳು ಹೇಳುವುದಿಲ್ಲ’ ಎಂದು ಇಲ್ಲವನ್ನು ಕೇಳುತ್ತದೆ. ಆ ಇಲ್ಲವೇ ‘ಹೀ ನೆವರ್ ಡಸಂಟ್ ಟೆಲ್ ಲೈಸ್’ ಎಂದು ನುಸುಳುತ್ತದೆ. ನೆವರ್ ಒಳಗೆ ‘ಎಂದೂ’ ಮತ್ತು ‘ಇಲ್ಲ’ ಎರಡೂ ಇವೆ ಎಂದು ಬಿಡಿಸಿ ತೋರಿಸಿದರೆ ಸಾಕು.

ಇನ್ನು ‘ತುಂಬಾ’. ಇದಕ್ಕೆ ಒಂದೇ ಇಂಗ್ಲಿಷ್ ಪದ ಕೊಟ್ಟರೆ ಮಗು ಎಲ್ಲ ಕಡೆಯೂ ಅದನ್ನೇ ಹಾಕುತ್ತದೆ. ‘ತುಂಬಾ’ ಯಾವುದರ ಜೊತೆ ನಿಂತಿದೆ ಎಂದು ಕೇಳಿ. ‘ತುಂಬಾ ಎತ್ತರ’ ಎಂದರೆ ಗುಣವಾಚಕದ ಜೊತೆ, ಅಲ್ಲಿ ವೆರಿ. ‘ತುಂಬಾ ಜನ’ ಎಂದರೆ ನಾಮಪದದ ಜೊತೆ, ‘ಎ ಲಾಟ್ ಆಫ್’ ಅಥವಾ ಮೆನಿ. ‘ತುಂಬಾ ಇಷ್ಟ’ ಎಂಬಲ್ಲಿ ಇಂಗ್ಲಿಷಿಗೆ ಬೇಕಾದದ್ದು ‘ಲೈಕ್’ ಎಂಬ ಕ್ರಿಯಾಪದ. ಬರೀ ವೆರಿ ಕ್ರಿಯಾಪದಕ್ಕೆ ಅಂಟುವುದಿಲ್ಲ. ‘ವೆರಿ ಮಚ್’ ಆಗಬೇಕು, ಅದೂ ಕರ್ಮಪದದ ನಂತರ: ‘ಐ ಲೈಕ್ ಮ್ಯಾಂಗೋಸ್ ವೆರಿ ಮಚ್’. ‘ಐ ಲೈಕ್ ವೆರಿ ಮಚ್ ಮ್ಯಾಂಗೋಸ್’ ತಪ್ಪು. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಇಂಥ ಪದ ತೂರಿಸಬಾರದು. ‘ಅದಕ್ಕಿಂತ ಇದು ತುಂಬಾ ಚೆನ್ನಾಗಿದೆ’ ಎಂಬ ಹೋಲಿಕೆಯಲ್ಲಿ ‘ಮಚ್ ಬೆಟರ್’, ‘ವೆರಿ ಬೆಟರ್’ ಅಲ್ಲ.

ಟೂ ಮತ್ತು ಎನಫ್ ಹೇಳಿಕೊಡಲು ಕನ್ನಡದಲ್ಲೇ ಬಹಳ ಚೆಂದದ ಜೋಡಿ ಇದೆ, ಅದನ್ನು ನಾವು ಬಳಸಿಕೊಳ್ಳುತ್ತಲೇ ಇಲ್ಲ: ‘-ಲಾರದಷ್ಟು’ ಮತ್ತು ‘-ವಷ್ಟು’. ‘ಕುಡಿಯಲಾರದಷ್ಟು ಬಿಸಿ’ ಎಂದರೆ ‘ಟೂ ಹಾಟ್ ಟು ಡ್ರಿಂಕ್’. ‘ಪುಸ್ತಕಗಳೆಲ್ಲ ಹಿಡಿಸುವಷ್ಟು ದೊಡ್ಡ ಬ್ಯಾಗು’ ಎಂದರೆ ‘ಬಿಗ್ ಎನಫ್ ಟು ಹೋಲ್ಡ್ ಆಲ್ ದ ಬುಕ್ಸ್’. ಕಾಫಿ ತುಂಬಾ ಬಿಸಿ ಎಂದವರು ಅದನ್ನು ಕುಡಿಯಬಲ್ಲರಾದರೆ ವೆರಿ, ಕುಡಿಯಲಾರರಾದರೆ ಟೂ. ‘ಟೂ ಗುಡ್’ ಎಂದು ಹೊಗಳುವ ನಮ್ಮ ಕಡೆಯ ಮಾತಿನ ರೂಢಿ ಆಡುಮಾತಿನಲ್ಲಿ ಇರಲಿ, ಪರೀಕ್ಷೆಯ ಬರಹಕ್ಕೆ ಬೇಡ.

ಎನಫ್ ನಾಮಪದದ ಮುಂಚೆ ಬರುತ್ತದೆ, ‘ಎನಫ್ ವಾಟರ್’. ಗುಣವಾಚಕದ ನಂತರ ಬರುತ್ತದೆ, ‘ಬಿಗ್ ಎನಫ್’. ‘ಸಾಕಷ್ಟು’ ಕನ್ನಡದಲ್ಲಿ ಯಾವಾಗಲೂ ಮುಂಚೆಯೇ ನಿಲ್ಲುವುದರಿಂದ ‘ಎನಫ್ ಬಿಗ್’ ಹುಟ್ಟುತ್ತದೆ. ಅರ್ಥದಲ್ಲೂ ಎಚ್ಚರ ಬೇಕು. ‘ಮದುವೆಗೆ ಸಾಕಷ್ಟು ಜನ ಬಂದಿದ್ದರು’ ಎಂದಾಗ ಬೇಕಾದಷ್ಟೇ ಬಂದರು ಎಂದು ಯಾರೂ ತಿಳಿಯುವುದಿಲ್ಲ, ಬಹಳ ಮಂದಿ ಬಂದಿದ್ದರು ಎಂದೇ ತಿಳಿಯುತ್ತಾರೆ. ಅಲ್ಲಿ ಎನಫ್ ಹಾಕಿದರೆ ಅರ್ಥವೇ ತಪ್ಪುತ್ತದೆ. ‘ಕ್ವೈಟ್ ಎ ಲಾಟ್ ಆಫ್ ಪೀಪಲ್’ ಎನ್ನಬೇಕು.

ಮತ್ತೊಬ್ಬರ ಸೇರ್ಪಡೆ: ಮೇಲಿನದಕ್ಕೆ ಹಾರ್ಡ್ಲಿ ಕೂಡ ಸೇರಲಿ. ‘ಹೀ ವರ್ಕ್ಸ್ ಹಾರ್ಡ್’ ಎಂದರೆ ಕಷ್ಟಪಟ್ಟು ದುಡಿಯುತ್ತಾನೆ. ‘ಹೀ ಹಾರ್ಡ್ಲಿ ವರ್ಕ್ಸ್’ ಎಂದರೆ ಕೆಲಸ ಮಾಡುವುದೇ ಇಲ್ಲ ಎನ್ನುವಷ್ಟು ಕಡಿಮೆ. ರಜೆ ಅರ್ಜಿಯಲ್ಲೋ ಶಿಫಾರಸು ಪತ್ರದಲ್ಲೋ ಇದು ಅದಲುಬದಲಾದರೆ ಹೊಗಳಿಕೆಯೇ ದೂರು ಆಗಿಬಿಡುತ್ತದೆ. ಕ್ವೈಟ್ ಸಹ ಜೊತೆಗಾರನನ್ನು ನೋಡಿ ಅರ್ಥ ಬದಲಿಸುತ್ತದೆ: ಬ್ರಿಟಿಷ್ ಬಳಕೆಯಲ್ಲಿ ‘ಕ್ವೈಟ್ ಗುಡ್’ ಸಾಮಾನ್ಯವಾಗಿ ‘ಪರವಾಗಿಲ್ಲ, ಚೆನ್ನಾಗಿದೆ’ ಎಂಬ ಮಟ್ಟದ್ದು, ‘ಕ್ವೈಟ್ ಇಂಪಾಸಿಬಲ್’ ಮಾತ್ರ ‘ಖಂಡಿತ ಅಸಾಧ್ಯ’. ಆರನೇ ತರಗತಿಗೆ ಕ್ವೈಟ್ ಬೇಡ, ಎಂಟರಲ್ಲಿ ಹೇಳಿಕೊಟ್ಟರಾಯಿತು.