ಯೂಸರ್ ಸ್ಟೋರಿಯಲ್ಲಿ ಎಷ್ಟು ಬರೆಯಬೇಕು?

ಪ್ರಶ್ನೆ:
ನಮಸ್ಕಾರ. ಹಾಲಿನ ಸೊಸೈಟಿಗಳಿಗೆ ಆ್ಯಪ್ ಮಾಡುವ ಸಣ್ಣ ತಂಡದಲ್ಲಿ ನಾನು ಬಿಸಿನೆಸ್ ಅನಲಿಸ್ಟ್. ರೈತರು ಹಾಕುವ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ದಾಖಲಿಸಿ ಚೀಟಿ ಕೊಡುವ ಆ್ಯಪ್ ಅದು. ತಂಡದ ಕೆಲಸಗಳನ್ನು ದಾಖಲಿಸುವ ಸಾಫ್ಟ್‌ವೇರ್ ಜಿರಾದಲ್ಲಿ ಒಂದೊಂದು ಯೂಸರ್ ಸ್ಟೋರಿಗೂ (ಯಾರಿಗೆ, ಏನು, ಯಾತಕ್ಕಾಗಿ ಬೇಕು ಅಂತ ಹೇಳುವ ಟಿಪ್ಪಣಿ) ಎರಡು ಪುಟ ಬರೆಯುತ್ತೇನೆ. ಡೆವಲಪರ್‌ಗಳು ಮೊದಲ ಸಾಲು ಓದಿ ಕೋಡ್ ಶುರು ಮಾಡುತ್ತಾರೆ. ಟೆಸ್ಟರ್ ವಾಟ್ಸಾಪ್‌ನಲ್ಲಿ ಮತ್ತೆ ಎಲ್ಲ ಕೇಳುತ್ತಾರೆ. ಕಡಿಮೆ ಬರೆದರೆ "ಸ್ಪಷ್ಟ ಇಲ್ಲ" ಅನ್ನುತ್ತಾರೆ. ಎಷ್ಟು ಬರೆದರೆ ಸರಿ?

ಉತ್ತರ 1:
ಪುಟದ ಲೆಕ್ಕ ಬಿಡಿ. ಸಾಫ್ಟ್‌ವೇರ್ ಪರಿಣತ ರಾನ್ ಜೆಫ್ರೀಸ್ 2001ರಲ್ಲೇ ಸ್ಟೋರಿಗೆ ಮೂರು ಭಾಗ ಹೇಳಿದ್ದರು: ಕಾರ್ಡ್, ಮಾತುಕತೆ, ಖಾತರಿ. ಕಾರ್ಡ್ ನೆನಪಿಗೆ ಮಾತ್ರ. ಡೆವಲಪರ್, ಟೆಸ್ಟರ್ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ, ಆಮೇಲೆ ಬರೆಯಿರಿ. ನಿಮ್ಮ ಶ್ರಮವೆಲ್ಲ ಆ ಖಾತರಿಗೆ, ಅಂದರೆ ಅಕ್ಸೆಪ್ಟೆನ್ಸ್ ಕ್ರೈಟೀರಿಯಾಕ್ಕೆ (ಕೆಲಸ ಮುಗಿಯಿತು ಅನ್ನಲು ಏನೇನು ಸರಿಯಿರಬೇಕು ಅನ್ನುವ ಪಟ್ಟಿಗೆ) ಹೋಗಲಿ.

"ಫ್ಯಾಟ್ ಸರಿಯಾಗಿ ದಾಖಲಾಗಬೇಕು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. "ಕಾರ್ಯದರ್ಶಿ 4.1 ಬದಲು 41 ಒತ್ತಿದರೆ ಆ್ಯಪ್ ಸೇವ್ ಮಾಡಬಾರದು" ಅನ್ನಿ. "ಬೆಳಗಿನ ಎಂಟ್ರಿಯನ್ನು ಸಂಜೆ ತಿದ್ದಿದರೆ ಹಳೆಯ ಅಂಕಿಯೂ ಉಳಿಯಬೇಕು, ತಿದ್ದಿದವರ ಹೆಸರೂ ಇರಬೇಕು" ಅನ್ನಿ. ಒಬ್ಬರೇ ಹಸುವಿನ ಹಾಲು, ಎಮ್ಮೆ ಹಾಲು ಎರಡನ್ನೂ ತಂದರೆ? ನೆಟ್‌ವರ್ಕ್ ಇಲ್ಲದಾಗ ಚೀಟಿ? ಟೆಸ್ಟರ್ ಕೇಳೋದು ಇವನ್ನೇ. ಇಂಥ ಐದಾರು ಸಾಲು ಸಾಕು. ಹತ್ತು ದಾಟಿದರೆ ಸ್ಟೋರಿ ದೊಡ್ಡದಾಯ್ತು, ಒಡೆಯಿರಿ.

"ಯಾತಕ್ಕಾಗಿ" ಅನ್ನುವ ಭಾಗವನ್ನು ಸುಮ್ನೆ ತುಂಬಬೇಡಿ. ಆ ಫ್ಯಾಟ್ ಅಂಕಿಯ ಮೇಲೆ ರೈತರ ದುಡ್ಡು ನಿಂತಿದೆ. ಅದು ಗೊತ್ತಿದ್ದರೆ ಡೆವಲಪರ್ ದಶಾಂಶ ಕತ್ತರಿಸುವ ಮುಂಚೆ ನಿಮ್ಮನ್ನು ಕೇಳುತ್ತಾರೆ.

ಉತ್ತರ 2:
ನಾನು ಟೆಸ್ಟರ್. ವಾಟ್ಸಾಪ್‌ನಲ್ಲಿ ತೀರ್ಮಾನ ಆದದ್ದು ಅವತ್ತೇ ಸ್ಟೋರಿಗೆ ಬರಬೇಕು. ಕಾಮೆಂಟ್ ಹಾಕಿ ಬಿಡಬೇಡಿ, ಕ್ರೈಟೀರಿಯಾವನ್ನೇ ತಿದ್ದಿ. ಉದ್ದದ ಕಾಮೆಂಟ್ ಸಾಲಿನಲ್ಲಿ ಕೊನೆಯ ಮಾತು ಯಾವುದು ಅಂತ ಹುಡುಕೋದು ತುಂಬಾ ಕಷ್ಟ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ದರದ ಪಟ್ಟಿ ಏಳೆಂಟು ಸ್ಟೋರಿಗಳಿಗೆ ಬೇಕಾಗುತ್ತದೆ. ಎಲ್ಲದರಲ್ಲೂ ಹಾಕಲಾ?

ಉತ್ತರ 1:
ಬೇಡ. ಬೇರೆ ಒಂದು ಪುಟದಲ್ಲಿಟ್ಟು ಸ್ಟೋರಿಗಳಿಗೆ ಲಿಂಕ್ ಕೊಡಿ. ದರ ಬದಲಾದಾಗ ಒಂದೇ ಕಡೆ ತಿದ್ದಿದರೆ ಆಯ್ತು. ಯಾವ ತಾರೀಖಿನಿಂದ ಜಾರಿ ಅನ್ನೋದನ್ನು ಮಾತ್ರ ಬಿಡದೆ ಬರೆಯಿರಿ. ಹಿಂದಿನ ಬಿಲ್‌ಗೆ ಹಿಂದಿನ ದರವೇ ಬರಬೇಕು, ಅಲ್ವಾ?